ಬಾರದವರ ಲೆಕ್ಕ

ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ಒಂದು ಹಳ್ಳಿ. ನವೆಂಬರ್ ಕೊನೆಯ ಸಂಜೆ. ಹೊಲದಲ್ಲಿ ತೊಗರಿ ಕಾಯಿ ಕಟ್ಟಿದೆ. ಸ್ತ್ರೀರೋಗ ಕ್ಯಾನ್ಸರ್ ನೋಡುವ ವೈದ್ಯೆಯೊಬ್ಬರು ಊರಿನ ನಿವೃತ್ತ ಮುಖ್ಯೋಪಾಧ್ಯಾಯಿನಿಯ ಮನೆಗೆ ಬಂದಿದ್ದಾರೆ. ಡಿಸೆಂಬರ್ ಎರಡನೇ ವಾರ ಶಾಲೆಯಲ್ಲಿ ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಶಿಬಿರ ನಡೆಸಬೇಕು, ಹೆಂಗಸರು ಬರಬೇಕಾದರೆ ಟೀಚರ ಮಾತು ಬೇಕು. ಟೀಚರು ಚಹಾ ಕೊಟ್ಟರು. ಮಾತು ಕೊಡಲಿಲ್ಲ.

ಟೀಚರ್: ನೀವು ಕಳಿಸಿದ ಕಾಗದ ಓದಿದೆ. ಅದರಲ್ಲಿ ‘ಉಳಿಯುವ ಒಂದು ಜೀವವರ್ಷಕ್ಕೆ ತಗಲುವ ವೆಚ್ಚ’ ಅಂತ ಒಂದು ಸಾಲಿದೆ. ಅಲ್ಲಿಗೆ ಮಡಚಿಟ್ಟೆ. ನನ್ನ ತಂಗಿ ಇದೇ ರೋಗದಿಂದ ಹೋಗಿ ಹನ್ನೊಂದು ವರ್ಷ ಆಯಿತು. ಅವಳ ಒಂದು ವರ್ಷಕ್ಕೆ ನೀವು ಎಷ್ಟು ಬೆಲೆ ಕಟ್ಟುತ್ತೀರಿ?

ಡಾಕ್ಟರ್: ಅದಕ್ಕೆ ಆಮೇಲೆ ಉತ್ತರ ಕೊಡುತ್ತೇನೆ. ಮೊದಲು ತಂಗಿಗೆ ಏನಾಯಿತು ಹೇಳಿ.

ಟೀಚರ್: ಐವತ್ತೆರಡು ವಯಸ್ಸು. ಮುಟ್ಟು ನಿಂತು ಮೂರು ವರ್ಷ ಆಗಿತ್ತು, ಮತ್ತೆ ರಕ್ತ ಕಾಣಿಸಿತು. ಬಿಳಿಸೆರಗು ಮೊದಲಿಂದಲೂ ಇತ್ತು, ಯಾರಿಗೂ ಹೇಳಿರಲಿಲ್ಲ. ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಮೊದಲ ಸಲ ಏನೋ ಸವರಿ ಗಾಜಿನ ಮೇಲೆ ಹಚ್ಚಿಕೊಂಡರು, ಮುಂದಿನ ವಾರ ಬನ್ನಿ ಅಂದರು. ಮುಂದಿನ ವಾರ ರಿಪೋರ್ಟ್ ಬಂದಿರಲಿಲ್ಲ. ಮೂರನೇ ಸಲ ರಿಪೋರ್ಟ್ ಸಿಕ್ಕಿತು, ಚೂರು ತೆಗೆದು ಪರೀಕ್ಷೆ ಮಾಡಬೇಕು, ಗುರುವಾರ ಬನ್ನಿ ಅಂದರು. ಅಷ್ಟರಲ್ಲಿ ಹೊಲದಲ್ಲಿ ರಾಶಿ ಶುರುವಾಗಿತ್ತು. ಒಂದು ಸಲ ಹೋಗಿಬಂದರೆ ಅವಳ ಕೂಲಿ ಹೋಯಿತು, ಜೊತೆಗೆ ಹೋದ ಮಗನ ಕೂಲಿ ಹೋಯಿತು, ಬಸ್ಸಿನ ದುಡ್ಡು ಬೇರೆ. ಸುಗ್ಗಿ ಮುಗಿಯಲಿ ಅಂದಳು. ಎಂಟು ತಿಂಗಳಾದ ಮೇಲೆ ಹೋದಾಗ ಗಡ್ಡೆ ಪಕ್ಕದ ಗೋಡೆಗೆ ಅಂಟಿದೆ, ಆಪರೇಷನ್ ಆಗುವುದಿಲ್ಲ, ಕರೆಂಟು, ಅಂದರೆ ವಿಕಿರಣ, ಕೊಡಬೇಕು ಅಂದರು. ಕರೆಂಟು ಕೊಡಿಸಿದೆವು. ಒಂದೂವರೆ ವರ್ಷ ಇದ್ದಳು.

ಡಾಕ್ಟರ್: ಆ ಎಂಟು ತಿಂಗಳ ಬಗ್ಗೆ ಆಸ್ಪತ್ರೆಯ ಪುಸ್ತಕದಲ್ಲಿ ಎರಡೇ ಪದ ಇರುತ್ತವೆ: ‘ಮರಳಿ ಬರಲಿಲ್ಲ.’ ಬಂದವರಲ್ಲಿ ಎಷ್ಟು ಜನ ಗುಣವಾದರು ಅಂತ ನಾವು ಎಣಿಸುತ್ತೇವೆ. ಬಾರದವರನ್ನು ಎಣಿಸುವುದಿಲ್ಲ. ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನುತ್ತಾರಲ್ಲ, ಅವರ ಸ್ಥಿತಿ ಅದು. ಆ ಕಾಗದದಲ್ಲಿರುವ ಲೆಕ್ಕ ಹುಟ್ಟಿದ್ದೇ ಅವರನ್ನು ಎಣಿಕೆಗೆ ತರಲಿಕ್ಕೆ. ಮನೆಯಲ್ಲಿ ತೊಗರಿ ಕಾಳು ಇದೆಯೇ? ಒಂದು ಮೊರ ಕೊಡಿ.

(ಟೀಚರು ಮೊರ ತಂದರು. ಡಾಕ್ಟರು ನೂರು ಕಾಳು ಎಣಿಸಿ ಒಂದು ಗುಡ್ಡೆ ಮಾಡಿದರು.)

ಡಾಕ್ಟರ್: ಇವರು ನೂರು ಹೆಂಗಸರು. ಗರ್ಭಕಂಠದಲ್ಲಿ ಕ್ಯಾನ್ಸರ್‌ಗೆ ಮುಂಚಿನ ಬದಲಾವಣೆ ಇದೆ, ಅವರಿಗೆ ಗೊತ್ತಿಲ್ಲ. ಈಗ ನಾನು ಹೇಳುವ ಅಂಕಿಗಳು ನಿಮಗೆ ತೋರಿಸಲಿಕ್ಕೆ ನಾನೇ ಇಟ್ಟುಕೊಂಡವು. ಒಂದು ಒಳ್ಳೆಯ ಪರೀಕ್ಷೆ ಇದೆ, ನೂರರಲ್ಲಿ 90 ಜನರನ್ನು ಹಿಡಿಯುತ್ತದೆ ಅನ್ನೋಣ. ಆದರೆ ರಿಪೋರ್ಟಿಗೆ ಒಮ್ಮೆ, ಚಿಕಿತ್ಸೆಗೆ ಒಮ್ಮೆ, ಮತ್ತೆರಡು ಸಲ ಬರಬೇಕು. ಪ್ರತಿ ಸಲ ನೂರಕ್ಕೆ 30 ಜನ ಬರುವುದಿಲ್ಲ. ಮೊದಲ ಕರೆಗೆ 27 ಕಾಳು ಆಚೆ, 63 ಉಳಿದವು. ಎರಡನೇ ಕರೆಗೆ 19 ಆಚೆ, 44 ಉಳಿದವು. ಇನ್ನೊಂದು ಪರೀಕ್ಷೆ ಸಾಧಾರಣದ್ದು, 60 ಜನರನ್ನಷ್ಟೇ ಹಿಡಿಯುತ್ತದೆ. ಆದರೆ ಕಂಡ ದಿನವೇ, ಅದೇ ಮೇಜಿನ ಮೇಲೆ ಚಿಕಿತ್ಸೆ ಮುಗಿಯುತ್ತದೆ. ಅಲ್ಲಿ ಅರವತ್ತಕ್ಕೆ ಅರವತ್ತೂ ಉಳಿದರು.

ಟೀಚರ್: ಅಂದರೆ ಒಳ್ಳೆಯ ಪರೀಕ್ಷೆಗೆ 44, ಸಾಧಾರಣ ಪರೀಕ್ಷೆಗೆ 60.

ಡಾಕ್ಟರ್: ಪರೀಕ್ಷೆಗಿಂತ ದಾರಿ ದೊಡ್ಡದು. ಇದನ್ನು ಹಾರ್ವರ್ಡ್‌ನ ಸ್ಯೂ ಗೋಲ್ಡಿ ಮತ್ತು ಜೊತೆಗಾರರು 2005ರಲ್ಲಿ ಭಾರತ, ಕೀನ್ಯಾ, ಪೆರು, ದಕ್ಷಿಣ ಆಫ್ರಿಕಾ, ಥಾಯ್ಲೆಂಡ್ ಐದು ದೇಶಗಳಿಗೆ ಲೆಕ್ಕ ಹಾಕಿ ತೋರಿಸಿದರು. ಹೆಣ್ಣುಮಗಳಿಗೆ 35 ಆದಾಗ ಜೀವಮಾನದಲ್ಲಿ ಒಂದೇ ಒಂದು ಸಲ, ಒಂದೋ ಎರಡೋ ಭೇಟಿಯಲ್ಲಿ ಮುಗಿಯುವ ಹಾಗೆ ತಪಾಸಣೆ ಮಾಡಿದರೂ ಈ ಕ್ಯಾನ್ಸರ್ ಬರುವ ಸಾಧ್ಯತೆ ಶೇ. 25ರಿಂದ 36ರಷ್ಟು ಇಳಿಯುತ್ತದೆ. ಆ ಲೆಕ್ಕದಲ್ಲಿ ಔಷಧ, ಉಪಕರಣದ ಜೊತೆಗೆ ಹೆಂಗಸರು ಬಂದುಹೋಗುವ ಖರ್ಚು, ಅವರ ಸಮಯ ಕೂಡ ಸೇರಿತ್ತು. ನಿಮ್ಮ ತಂಗಿಯ ಕೂಲಿ, ಮಗನ ಕೂಲಿ, ಬಸ್ಸಿನ ದುಡ್ಡು ಇವೆಲ್ಲ ಆಸ್ಪತ್ರೆಯ ಬಿಲ್ಲಿನಲ್ಲಿ ಎಲ್ಲೂ ಕಾಣುವುದಿಲ್ಲ. ಆ ಲೆಕ್ಕದಲ್ಲಿ ಕಾಣುತ್ತವೆ.

ಟೀಚರ್: ಕಾಳು ಸರಿಸಿದಷ್ಟು ಸುಲಭವೇ ರೋಗ?

ಡಾಕ್ಟರ್: ಅಲ್ಲ. ಆದರೆ ಅದಕ್ಕೂ ದಾರಿ ಇದೆ. ಒಂದು ಮನೆಯಲ್ಲಿ ಸಾಲಾಗಿ ಕೋಣೆಗಳಿವೆ ಅಂದುಕೊಳ್ಳಿ. ಮೊದಲನೆಯದು ಆರೋಗ್ಯ. ಎರಡನೆಯದು ಎಚ್‌ಪಿವಿ ವೈರಸ್ಸಿನ ಸೋಂಕು. ಮೂರನೆಯದು ಕ್ಯಾನ್ಸರ್‌ಪೂರ್ವ ಬದಲಾವಣೆ. ನಾಲ್ಕನೆಯದು ಕ್ಯಾನ್ಸರ್. ಸೋಂಕು ತಗಲಿದ ಬಹುಪಾಲು ಹೆಂಗಸರು ಒಂದೆರಡು ವರ್ಷದಲ್ಲಿ ತಾವಾಗಿಯೇ ಮೊದಲ ಕೋಣೆಗೆ ವಾಪಸಾಗುತ್ತಾರೆ. ಉಳಿದ ಕೆಲವರು ಒಳಗೆ ಸರಿಯುತ್ತಾರೆ. ನಾಲ್ಕನೆಯದನ್ನು ಮುಟ್ಟಲು ಸಾಮಾನ್ಯವಾಗಿ 15–20 ವರ್ಷ ಬೇಕು. ಪ್ರತಿ ವರ್ಷ ಯಾವ ಕೋಣೆಯಿಂದ ಯಾವ ಕೋಣೆಗೆ ಎಷ್ಟು ಜನ ಸರಿಯುತ್ತಾರೆ ಅನ್ನುವುದು ಗೊತ್ತಿದ್ದರೆ, ಲಕ್ಷ ಹೆಂಗಸರ ಇಡೀ ಬದುಕನ್ನು ಕಂಪ್ಯೂಟರಿನಲ್ಲಿ ನಡೆಸಿ ನೋಡಬಹುದು. ಇದಕ್ಕೆ ಮಾರ್ಕೊವ್ ಮಾದರಿ ಅನ್ನುತ್ತಾರೆ. ಆಂದ್ರೇ ಮಾರ್ಕೊವ್ ರಷ್ಯಾದ ಗಣಿತಜ್ಞ. 1913ರಲ್ಲಿ ಪುಷ್ಕಿನ್ನನ ಕಾವ್ಯದ 20,000 ಅಕ್ಷರ ಎಣಿಸಿ, ಸ್ವರದ ಬೆನ್ನಿಗೆ ಸ್ವರ ಎಷ್ಟು ಸಲ ಬರುತ್ತದೆ, ವ್ಯಂಜನ ಎಷ್ಟು ಸಲ ಬರುತ್ತದೆ ಅಂತ ನೋಡಿದವನು.

ಟೀಚರ್: ಪದ್ಯದಿಂದ ಹೊರಟದ್ದು ಇಲ್ಲಿಗೆ ಬಂತು. ಇರಲಿ. ಯಾವ ಕೋಣೆಯಿಂದ ಎಷ್ಟು ಜನ ಅನ್ನುವುದು ನಿಮಗೆ ಹೇಗೆ ಗೊತ್ತು?

ಡಾಕ್ಟರ್: ಹೆಂಗಸರಿಂದ. ಕೆಲವು ಅಂಕಿಗಳಿಗೆ ಅವರು ಜೀವವನ್ನೇ ತೆತ್ತಿದ್ದಾರೆ. ಆಳಂದದ ಗಡಿ ದಾಟಿದರೆ ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆ, ಈಗಿನ ಧಾರಾಶಿವ. ಬಾರ್ಶಿಯ ನರ್ಗೀಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆಯವರು ಆ ಜಿಲ್ಲೆಯ ಹಳ್ಳಿಗಳ 30ರಿಂದ 59 ವಯಸ್ಸಿನ 1,31,746 ಹೆಂಗಸರನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ಒಂದೇ ಸಲ ಎಚ್‌ಪಿವಿ ಪರೀಕ್ಷೆ, ಇನ್ನೊಂದಕ್ಕೆ ಸವರಿ ಗಾಜಿನ ಮೇಲೆ ಹಚ್ಚಿ ನೋಡುವ ಪ್ಯಾಪ್ ಪರೀಕ್ಷೆ, ಮತ್ತೊಂದಕ್ಕೆ ವಿನೆಗರಿನಂಥ ಆಮ್ಲ ಸವರಿ ನೋಡುವ ಪರೀಕ್ಷೆ. ನಾಲ್ಕನೆಯ ಗುಂಪಿಗೆ ಮಾಮೂಲಿ ವ್ಯವಸ್ಥೆ, ಅಂದರೆ ತಪಾಸಣೆ ಇಲ್ಲ. ಎಂಟು ವರ್ಷದ ಫಲ 2009ರಲ್ಲಿ ಪ್ರಕಟವಾಯಿತು. ಎಚ್‌ಪಿವಿ ಗುಂಪಿನಲ್ಲಿ ಈ ಕ್ಯಾನ್ಸರ್‌ನಿಂದ ಸತ್ತವರು 34. ತಪಾಸಣೆ ಇಲ್ಲದ ಗುಂಪಿನಲ್ಲಿ 64. ಗುಂಪುಗಳು ಸುಮಾರಾಗಿ ಒಂದೇ ಗಾತ್ರದವು.

ಟೀಚರ್: ಆ ಅರವತ್ತನಾಲ್ಕು ಜನರಿಗೆ ಯಾಕೆ ತಪಾಸಣೆ ಮಾಡಲಿಲ್ಲ?

ಡಾಕ್ಟರ್: ಈ ಪ್ರಶ್ನೆಯನ್ನು ಲೋಕವೂ ಕೇಳಿತು, ಇವತ್ತಿಗೂ ಕೇಳುತ್ತದೆ. ನನ್ನಲ್ಲಿ ಸಮಾಧಾನದ ಉತ್ತರ ಇಲ್ಲ. ಒಂದು ಮಾತು ಮಾತ್ರ ಹೇಳಬಲ್ಲೆ. ಅಷ್ಟು ದೊಡ್ಡ ಬೆಲೆ ಕೊಟ್ಟು ಬಂದ ಅಂಕಿಗಳನ್ನು ಪತ್ರಿಕೆಯಲ್ಲಿ ಅಚ್ಚು ಹಾಕಿ ಸುಮ್ಮನಾದರೆ ಅದು ಎರಡನೇ ಅನ್ಯಾಯ. ದೇಶದಲ್ಲಿ 2022ರ ಅಂದಾಜಿನ ಪ್ರಕಾರ ಒಂದೇ ವರ್ಷದಲ್ಲಿ ಸುಮಾರು 1,27,000 ಹೆಂಗಸರಿಗೆ ಗರ್ಭಕಂಠದ ಕ್ಯಾನ್ಸರ್ ಬಂತು, ಸುಮಾರು 80,000 ಜನ ಸತ್ತರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49ರ ಹೆಂಗಸರನ್ನು ಕೇಳಿದರು, ಎಂದಾದರೂ ಈ ತಪಾಸಣೆ ಆಗಿದೆಯೇ ಅಂತ. ಹೌದು ಅಂದವರು ನೂರಕ್ಕೆ ಎರಡೂ ಇಲ್ಲ, ಶೇ. 1.9.

ಟೀಚರ್: ಆಗಿದ್ದರೆ ನನ್ನ ತಂಗಿ ಉಳಿಯುತ್ತಿದ್ದಳೇ?

ಡಾಕ್ಟರ್: ಐವತ್ತೆರಡರಲ್ಲಿ ರಕ್ತ ಕಂಡ ಮೇಲೆ ಬೇಕಾದದ್ದು ಶಿಬಿರದ ತಪಾಸಣೆಯಲ್ಲ, ಅದೇ ವಾರ ರೋಗ ಪತ್ತೆ ಮಾಡಿ ಚಿಕಿತ್ಸೆ ಶುರು ಮಾಡುವುದು. ಆಮ್ಲ ಸವರಿ ನೋಡುವ ಪರೀಕ್ಷೆ ಮುಟ್ಟು ನಿಂತವರಲ್ಲಿ ಅಷ್ಟು ನಂಬಿಕೆಯದೂ ಅಲ್ಲ. ಆದರೆ ಅವರಿಗೆ 35, 40 ಇದ್ದಾಗ, ಯಾವ ತೊಂದರೆಯೂ ಇಲ್ಲದಾಗ, ಒಂದು ಸಲ ನೋಡಿದ್ದರೆ ಸಿಗುವ ಸಾಧ್ಯತೆ ಬಹಳ ಇತ್ತು. ಇದು ನೋವಿಲ್ಲದಾಗ ಮಾಡಬೇಕಾದ ಕೆಲಸ. ನೋವಿಲ್ಲದವರು ಕೂಲಿ ಬಿಟ್ಟು ಬರಬೇಕಾದರೆ ನಾವು ಅವರ ಬಾಗಿಲಿಗೆ ಹೋಗಬೇಕು.

ಟೀಚರ್: ಬರದಿರಲಿಕ್ಕೆ ಕೂಲಿ ಒಂದೇ ಕಾರಣ ಅಲ್ಲ, ಡಾಕ್ಟರೇ. ನಮ್ಮ ಜಿಲ್ಲೆಯ ತಾಂಡಾಗಳಲ್ಲಿ ಏನಾಯಿತು ನಿಮಗೂ ಗೊತ್ತು. ಹೊಟ್ಟೆನೋವು, ಬಿಳಿಸೆರಗು ಅಂತ ಹೋದವರಿಗೆ ಕ್ಯಾನ್ಸರ್ ಆಗುತ್ತದೆ ಅಂತ ಹೆದರಿಸಿ ಗರ್ಭಕೋಶವನ್ನೇ ತೆಗೆದು ಕಳಿಸಿದರು. ಮೂವತ್ತು ತುಂಬದ ಹುಡುಗಿಯರು. ಈಗ ನೀವು ಬಂದು ಕ್ಯಾನ್ಸರ್ ತಪಾಸಣೆ ಅಂದರೆ ಯಾರು ನಂಬಬೇಕು?

ಡಾಕ್ಟರ್: ನಂಬದಿರುವುದು ಅವರ ತಪ್ಪಲ್ಲ. ಅದಕ್ಕೇ ಈ ಲೆಕ್ಕದಲ್ಲಿ ಹಾನಿಗೂ ಒಂದು ಸಾಲು ಇರಲೇಬೇಕು. ರೋಗವಿಲ್ಲದ ನೂರು ಜನರಲ್ಲಿ 15 ಜನರಿಗೆ ಆಮ್ಲ ಸವರಿದಾಗ ಬಿಳಿ ಕಂಡರೆ, ಆ 15 ಜನಕ್ಕೆ ಬೇಡದ ಚಿಕಿತ್ಸೆ ಆಯಿತು. ನಾವು ಮಾಡುವುದು ಗರ್ಭಕಂಠದ ಮೇಲ್ಪದರವನ್ನು ಒಂದು ನಿಮಿಷದೊಳಗೆ ಬಿಸಿಯಿಂದ ಸುಡುವುದು. ಗರ್ಭಕೋಶ ಇದ್ದಲ್ಲೇ ಇರುತ್ತದೆ, ಕೊಯ್ಯುವುದಿಲ್ಲ, ಹೊಲಿಯುವುದಿಲ್ಲ. ಆದರೂ ಬೇಡದ್ದು ಬೇಡದ್ದೇ. ಎಚ್‌ಪಿವಿ ಪರೀಕ್ಷೆ ಮೊದಲು ಮಾಡಿ, ಅದರಲ್ಲಿ ಸೋಂಕು ಕಂಡವರನ್ನಷ್ಟೇ ಮತ್ತೆ ನೋಡಿದರೆ ಈ ಸಂಖ್ಯೆ ಇಳಿಯುತ್ತದೆ. ಕ್ಷಯದ ಕಫ ಪರೀಕ್ಷೆಗೆ ಬಳಸುವ ಯಂತ್ರದಲ್ಲೇ ಈ ಪರೀಕ್ಷೆಯೂ ಆಗುತ್ತದೆ, ಒಂದು ಗಂಟೆಯ ಆಸುಪಾಸಿನಲ್ಲಿ ಉತ್ತರ ಬರುತ್ತದೆ. ಮಾದರಿಯನ್ನು ಹೆಂಗಸು ತಾನೇ ಮರೆಯಲ್ಲಿ ತೆಗೆದುಕೊಡಬಹುದು. ಹೀಗೆ ತಾನೇ ತೆಗೆದುಕೊಟ್ಟದ್ದೂ ನಡೆಯುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ ಹೇಳಿದೆ. ಶಿಬಿರಕ್ಕೆ ಆ ಯಂತ್ರವನ್ನೇ ತರುತ್ತೇನೆ.

ಟೀಚರ್: ಇದು ಒಳ್ಳೆಯ ಮಾತು. ಆದರೂ ಮೊದಲ ಪ್ರಶ್ನೆಗೆ ಉತ್ತರ ಬರಲಿಲ್ಲ. ಒಂದು ವರ್ಷಕ್ಕೆ ಬೆಲೆ ಎಷ್ಟು?

ಡಾಕ್ಟರ್: ಬಂದೆ. ಈ ಲೆಕ್ಕದವರು ಬರೀ ವರ್ಷ ಎಣಿಸುವುದಿಲ್ಲ, ವರ್ಷ ಹೇಗಿತ್ತು ಅಂತಲೂ ನೋಡುತ್ತಾರೆ. ಪೂರ್ಣ ಆರೋಗ್ಯದ ಒಂದು ವರ್ಷ ಅಂದರೆ 1. ನೋವು, ಸಂಕಟದಲ್ಲಿ ಕಳೆದ ವರ್ಷ 0.6, 0.7 ಹೀಗೆ. ನಡೆದಾಟ, ಸ್ವಂತ ಕೆಲಸ, ದಿನದ ದುಡಿಮೆ, ನೋವು, ಮನಸ್ಸಿನ ಕಳವಳ, ಇವೈದನ್ನು ಕೇಳಿ ಅಳೆಯುತ್ತಾರೆ. ಹಿಂದೆ ಬೇರೆ ದೇಶದ ಜನರ ಅಳತೆಯನ್ನೇ ನಮಗೂ ಹಚ್ಚುತ್ತಿದ್ದರು. ಚಂಡೀಗಢದ ಪಿಜಿಐನವರು ಭಾರತದ್ದೇ ಅಳತೆ ಸಿದ್ಧಮಾಡಿ 2022ರಲ್ಲಿ ಪ್ರಕಟಿಸಿದರು. ನಮ್ಮಲ್ಲಿ ಇಂಥ ಒಂದು ಪೂರ್ಣ ವರ್ಷ ಉಳಿಸಲು ತಲಾ ಜಿಡಿಪಿಯಷ್ಟು, ಅಂದರೆ ಎರಡು ಲಕ್ಷ ರೂಪಾಯಿಯ ಆಸುಪಾಸು ತಗಲಿದರೆ ಸರ್ಕಾರ ಆ ಖರ್ಚನ್ನು ಸಮರ್ಥನೀಯ ಅನ್ನಬಹುದು ಅನ್ನುವುದು ರೂಢಿ.

ಟೀಚರ್: ಹಾಗಾದರೆ ಬೆಲೆ ಕಟ್ಟಿಯಾಯಿತು. ಎರಡು ಲಕ್ಷ.

ಡಾಕ್ಟರ್: ಅದು ಜೀವದ ಬೆಲೆ ಅಲ್ಲ. ಅದೇ ಎರಡು ಲಕ್ಷವನ್ನು ಇಲ್ಲಿ ಹಾಕಿದರೆ ಬೇರೆ ಯಾರ ವರ್ಷ ಕಡಿಮೆಯಾಗುತ್ತದೆ ಅನ್ನುವ ಪ್ರಶ್ನೆ. ಆ ಗೆರೆ ದೇವರು ಎಳೆದದ್ದೂ ಅಲ್ಲ. ತಲಾ ಜಿಡಿಪಿಯನ್ನೇ ಕಣ್ಣು ಮುಚ್ಚಿ ಅಳತೆಗೋಲು ಮಾಡಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರೇ 2016ರಲ್ಲಿ ಎಚ್ಚರಿಸಿದ್ದಾರೆ. ನನಗೆ ಅದಕ್ಕಿಂತ ದೊಡ್ಡ ಕೊರತೆ ಕಾಣುವುದು ಆ ಐದು ಪ್ರಶ್ನೆಗಳಲ್ಲಿ. ಕರೆಂಟು ಕೊಟ್ಟ ಮೇಲೆ ಯೋನಿ ಬಿಗಿದುಕೊಳ್ಳುತ್ತದೆ, ಮೂತ್ರ ನಿಲ್ಲುವುದಿಲ್ಲ, ಮುಟ್ಟು ಎಳೆವಯಸ್ಸಿಗೇ ನಿಲ್ಲುತ್ತದೆ, ಮಕ್ಕಳಾಗುವ ಆಸೆ ಮುಗಿಯುತ್ತದೆ. ಗಂಡ ಬೇರೆ ಮಲಗುತ್ತಾನೆ, ಕೆಲವರನ್ನು ತವರಿಗೆ ಕಳಿಸುತ್ತಾನೆ. ಐದು ಪ್ರಶ್ನೆಯಲ್ಲಿ ಇದಕ್ಕೆ ನೇರವಾದ ಜಾಗ ಇಲ್ಲ.

ಟೀಚರ್: ತಂಗಿಯ ಹಾಸಿಗೆಯನ್ನು ಪಡಸಾಲೆಗೆ ತಂದಿದ್ದರು. ವಾಸನೆ ಅಂತ. ಅವಳು ಸಾವಿಗೆ ಅಷ್ಟು ಅತ್ತಿರಲಿಲ್ಲ, ಅದಕ್ಕೆ ಅತ್ತಳು.

ಡಾಕ್ಟರ್: ಆ ಅಳು ಲೆಕ್ಕಕ್ಕೆ ಬಂದರೆ, ರೋಗ ಬಾರದ ಹಾಗೆ ತಡೆಯುವುದರ ತೂಕ ಇನ್ನೂ ಹೆಚ್ಚುತ್ತದೆ. ತಡೆಯುವ ಕೆಲಸಕ್ಕೆ ಈ ಲೆಕ್ಕದಲ್ಲಿ ಇನ್ನೊಂದು ಅನ್ಯಾಯವೂ ಆಗುತ್ತದೆ. ಇವತ್ತು ಹನ್ನೆರಡು ವರ್ಷದ ಹುಡುಗಿಗೆ ಎಚ್‌ಪಿವಿ ತಡೆಯುವ ಲಸಿಕೆ ಹಾಕಿದರೆ ಫಲ ಸಿಗುವುದು ಅವಳಿಗೆ ನಲವತ್ತು ದಾಟಿದ ಮೇಲೆ. ಮುಂದೆ ಬರುವ ಲಾಭವನ್ನು ವರ್ಷಕ್ಕೆ ಶೇ. 3ರಂತೆ ಇಳಿಸಿ ನೋಡುವುದು ಇಲ್ಲಿಯ ನಿಯಮ. ಹಾಗೆ ಇಳಿಸುತ್ತ ಹೋದರೆ 30 ವರ್ಷದಾಚೆಯ 100 ವರ್ಷದ ಆಯುಷ್ಯ ಇವತ್ತಿನ ಲೆಕ್ಕಕ್ಕೆ ಬರೀ 41. ಒಂದು ಬಾರಿ ಇಳಿಸಿ, ಒಂದು ಬಾರಿ ಇಳಿಸದೆ, ಎರಡನ್ನೂ ಓದುವವರ ಮುಂದಿಡಬೇಕು ಅನ್ನುವುದು ನನ್ನ ಹಟ.

ಟೀಚರ್: ಲಸಿಕೆಗೆ ಖರ್ಚು ಬಹಳ ಅನ್ನುತ್ತಿದ್ದರು.

ಡಾಕ್ಟರ್: ಮೂರು ಡೋಸು ಬೇಕು ಅನ್ನುತ್ತಿದ್ದ ಕಾಲದ ಮಾತು. 2009ರಲ್ಲಿ ನಮ್ಮ ದೇಶದಲ್ಲೇ ಒಂದು ಅಧ್ಯಯನ ಶುರುವಾಯಿತು, ಎರಡು ಡೋಸು ಸಾಕೇ, ಮೂರು ಬೇಕೇ ಅಂತ. 2010ರ ಏಪ್ರಿಲ್‌ನಲ್ಲಿ, ಆಂಧ್ರ ಮತ್ತು ಗುಜರಾತಿನ ಬೇರೊಂದು ಲಸಿಕೆ ಯೋಜನೆಯಲ್ಲಿ ಕೆಲವು ಹುಡುಗಿಯರು ಸತ್ತ ಸುದ್ದಿ ಬಂದು, ಸರ್ಕಾರ ಈ ಅಧ್ಯಯನದ ಲಸಿಕೆಯನ್ನೂ ನಿಲ್ಲಿಸಿತು. ಸಾವಿರಾರು ಹುಡುಗಿಯರಿಗೆ ಒಂದೇ ಡೋಸು ಬಿದ್ದಿತ್ತು. ಅವರನ್ನು ಹತ್ತು ವರ್ಷ ಹಿಂಬಾಲಿಸಿ ನೋಡಿದರೆ, ಕ್ಯಾನ್ಸರ್ ತರುವ ಮುಖ್ಯ ಎರಡು ಬಗೆಯ ವೈರಸ್ಸು ಮೈಯಲ್ಲಿ ನೆಲೆ ನಿಲ್ಲದಂತೆ ಒಂದು ಡೋಸೂ ಶೇ. 95ರಷ್ಟು ತಡೆದಿತ್ತು. 2021ರಲ್ಲಿ ಇದು ಪ್ರಕಟವಾಯಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಡೋಸಿನ ಕ್ರಮವನ್ನೂ ಒಪ್ಪಿತು. ಮೂರರ ಜಾಗದಲ್ಲಿ ಒಂದು ಅಂದರೆ ಲಸಿಕೆಯ ಖರ್ಚೂ ಇಳಿಯಿತು, ಮತ್ತೆ ಮತ್ತೆ ಕರೆಯುವ ಕಷ್ಟವೂ ಇಳಿಯಿತು. ಇಲ್ಲೂ ಅದೇ ಮಾತು: ಒಂದೇ ಸಲ ಬಂದವಳಿಗೂ ಫಲ ಸಿಗಬೇಕು.

ಟೀಚರ್: ಇದೆಲ್ಲ ತಡೆಯುವ ಮಾತಾಯಿತು. ರೋಗ ಬಂದೇ ಬಿಟ್ಟವಳಿಗೆ ನಿಮ್ಮ ಲೆಕ್ಕ ಬೇಡ ಅಂದರೆ? ದುಬಾರಿ ಔಷಧ, ಕೊಡಬೇಡಿ ಅಂದರೆ?

ಡಾಕ್ಟರ್: ಹಾಸಿಗೆಯ ಪಕ್ಕ ನಿಂತಾಗ ನಾನು ಈ ಲೆಕ್ಕ ತೆಗೆಯುವುದಿಲ್ಲ. ಅಲ್ಲಿ ನನ್ನ ಮುಂದಿರುವುದು ಒಬ್ಬಳೇ, ಅವಳಿಗೆ ಆಗುವುದೆಲ್ಲ ಮಾಡಬೇಕು. ಈ ಲೆಕ್ಕದ ಜಾಗ ಅದಕ್ಕಿಂತ ಮುಂಚೆ, ಸರ್ಕಾರದ ಯೋಜನೆಯಲ್ಲಿ ಯಾವ ಚಿಕಿತ್ಸೆ ಸೇರಬೇಕು, ಯಾವ ದರಕ್ಕೆ ಸೇರಬೇಕು ಅಂತ ತೀರ್ಮಾನಿಸುವ ಮೇಜಿನ ಮೇಲೆ. ಅಂಡಾಶಯದ ಕ್ಯಾನ್ಸರ್‌ನ ಎರಡು ಉದಾಹರಣೆ ಕೊಡುತ್ತೇನೆ. ಬೆವಾಸಿಝುಮಾಬ್ ಅನ್ನುವ ಔಷಧವನ್ನು ಅಮೆರಿಕದ ತಂಡ ನಡೆಸಿದ 1,873 ಹೆಂಗಸರ ಪ್ರಯೋಗದಲ್ಲಿ ನೋಡಿದರು, ಫಲ ಬಂದದ್ದು 2011ರಲ್ಲಿ. ಕೀಮೋ ಜೊತೆ ಕೊಟ್ಟು ಆಮೇಲೂ ಮುಂದುವರಿಸಿದಾಗ ರೋಗ ಮತ್ತೆ ಬೆಳೆಯುವುದು 10.3 ತಿಂಗಳಿಂದ 14.1 ತಿಂಗಳಿಗೆ ಮುಂದೆ ಹೋಯಿತು. ಒಟ್ಟು ಆಯುಷ್ಯ ಹೆಚ್ಚಲಿಲ್ಲ. ಅದೇ ವರ್ಷ ಅಲ್ಲಿಯ ವೈದ್ಯರೇ ಲೆಕ್ಕ ಹಾಕಿದರು: ರೋಗ ಬೆಳೆಯದ ಒಂದು ವರ್ಷಕ್ಕೆ ನಾಲ್ಕು ಲಕ್ಷ ಡಾಲರಿಗೂ ಮಿಕ್ಕಿ ಖರ್ಚು. ಇದು ಮೂಗಿಗಿಂತ ಮೂಗುತಿ ಭಾರ.

ಟೀಚರ್: ಎರಡನೆಯದು?

ಡಾಕ್ಟರ್: ಓಲಾಪರಿಬ್. ಅದೂ ದುಬಾರಿ. ಆದರೆ ಬಿಆರ್‌ಸಿಎ ವಂಶವಾಹಿಯಲ್ಲಿ ದೋಷವಿದ್ದವರಿಗೆ ಮೊದಲ ಚಿಕಿತ್ಸೆಯ ನಂತರ ಎರಡು ವರ್ಷ ಕೊಟ್ಟು ನೋಡಿದ ಪ್ರಯೋಗದಲ್ಲಿ, ಏಳು ವರ್ಷದ ಮೇಲೆ ಬದುಕಿದ್ದವರು ಶೇ. 67, ಔಷಧ ಸಿಗದ ಗುಂಪಿನಲ್ಲಿ ಶೇ. 46.5. ಇಲ್ಲಿ ಕೊಡಬೇಡಿ ಅನ್ನುವ ಪ್ರಶ್ನೆಯೇ ಇಲ್ಲ. ಮೊದಲು ವಂಶವಾಹಿ ಪರೀಕ್ಷೆ ಎಲ್ಲರಿಗೂ ಸಿಗಲಿ, ದೋಷ ಕಂಡವರಿಗೆ ಔಷಧ ಸಿಗಲಿ, ಕಂಪನಿಯೊಂದಿಗೆ ಕೂತು ದರ ಇಳಿಸಿ ಅನ್ನುವುದಕ್ಕೆ ಸರ್ಕಾರದ ಕೈಯಲ್ಲಿ ಒಂದು ಆಧಾರ ಬೇಕು. ಆ ಆಧಾರ ಈ ಲೆಕ್ಕ. ಇನ್ನು ಹೊಸದೆಲ್ಲ ದುಬಾರಿ ಅಂತಲೂ ಇಲ್ಲ. ಗರ್ಭಕಂಠದ ಕ್ಯಾನ್ಸರ್‌ಗೆ ಕರೆಂಟು ಕೊಡುವ ಮೊದಲು ಆರು ವಾರ, ವಾರಕ್ಕೊಮ್ಮೆ, ಬಹಳ ವರ್ಷದಿಂದ ಬಳಕೆಯಲ್ಲಿರುವ ಅಗ್ಗದ ಎರಡು ಕೀಮೋ ಔಷಧ ಕೊಟ್ಟು ನೋಡಿದರು. 500 ಹೆಂಗಸರು, ಭಾರತದವರೂ ಇದ್ದರು. ಐದು ವರ್ಷದ ಮೇಲೆ ಬದುಕಿದ್ದವರು ಶೇ. 72ರಿಂದ 80ಕ್ಕೆ ಏರಿದರು. 2024ರಲ್ಲಿ ಪ್ರಕಟವಾದ ಫಲ. ಇಂಥದ್ದನ್ನು ಮಾರಲು ಯಾವ ಕಂಪನಿಯೂ ಊರೂರು ತಿರುಗುವುದಿಲ್ಲ. ಲೆಕ್ಕ ಹಾಕುವವರೇ ಎತ್ತಿ ಹೇಳಬೇಕು.

ಟೀಚರ್: ಲೆಕ್ಕ ತಪ್ಪಿದರೆ?

ಡಾಕ್ಟರ್: ತಪ್ಪುತ್ತದೆ. ಅದಕ್ಕೇ ಪ್ರತಿ ಅಂಕಿಯನ್ನೂ ಹಿಗ್ಗಿಸಿ ಕುಗ್ಗಿಸಿ ನೋಡುತ್ತಾರೆ. ಗರ್ಭಕಂಠದ ಕ್ಯಾನ್ಸರನ್ನು ತೊಲಗಿಸಬಹುದೇ ಅಂತ ನೋಡುವಾಗ ಒಂದು ಮಾದರಿ ನಂಬದೆ, ಬೇರೆ ಬೇರೆ ತಂಡಗಳ ಮೂರು ಮಾದರಿಗಳನ್ನು 78 ದೇಶಗಳಿಗೆ ಓಡಿಸಿ ನೋಡಿದರು. ಮೂರೂ ಒಂದೇ ಕಡೆ ಬೆರಳು ತೋರಿದವು. ಅದರ ಮೇಲೆ ನಿಂತು 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 2030ಕ್ಕೆ ಗುರಿ ಇಟ್ಟಿತು: ನೂರಕ್ಕೆ 90 ಹುಡುಗಿಯರಿಗೆ ಲಸಿಕೆ, 70 ಹೆಂಗಸರಿಗೆ ತಪಾಸಣೆ, ರೋಗ ಕಂಡವರಲ್ಲಿ ನೂರಕ್ಕೆ 90 ಜನರಿಗೆ ಚಿಕಿತ್ಸೆ. ನಮ್ಮ ಶಿಬಿರಕ್ಕೂ ನಾನು ಆ 70ನ್ನೇ ಬರೆದುಕೊಂಡಿದ್ದೇನೆ.

ಟೀಚರ್: ಎಪ್ಪತ್ತು? ಡಿಸೆಂಬರ್ ಎರಡನೇ ವಾರಕ್ಕೆ ನೂರಕ್ಕೆ ಎಪ್ಪತ್ತು ಜನ ಬರುತ್ತಾರೆ ಅಂತ ನಿಮಗೆ ಹೇಳಿದವರು ಯಾರು?

ಡಾಕ್ಟರ್: ಯಾರೂ ಹೇಳಿಲ್ಲ. ನಾನೇ ಹಾಕಿಕೊಂಡದ್ದು.

ಟೀಚರ್: ಹಾಗಾದರೆ ನಿಮ್ಮ ಲೆಕ್ಕ ಇಲ್ಲೇ ತಪ್ಪಿದೆ. ಆಗ ತೊಗರಿ ಕೊಯ್ಲು ಶುರು. ಆಮೇಲೆ ಎಳ್ಳ ಅಮಾವಾಸ್ಯೆ, ಮನೆಮಂದಿಯೆಲ್ಲ ಹೊಲಕ್ಕೆ. ಆಮೇಲೆ ರಾಶಿ. ಸಂಕ್ರಾಂತಿ ಕಳೆದು ಕಾಳು ಮನೆಗೆ ಬಂದ ಮೇಲೆ ಹೆಂಗಸರ ಕೈ ಖಾಲಿ ಆಗುತ್ತದೆ. ಡಿಸೆಂಬರ್‌ನಲ್ಲಿ ಮಾಡಿದರೆ ನೂರಕ್ಕೆ ಹತ್ತು ಜನ ಬಂದಾರು, ಅವರೂ ಮುದುಕಿಯರು. ನೀವು ನಲವತ್ತರ ಆಸುಪಾಸಿನವರನ್ನು ನೋಡಬೇಕಲ್ಲವೇ? ಫೆಬ್ರವರಿ ಮೊದಲ ವಾರ ಇಡಿ. ಸಂತೆಯ ದಿನ ಬೇಡ. ಬೆಳಿಗ್ಗೆ ಬೇಡ, ನೀರು ತುಂಬುವ ಹೊತ್ತು, ಹನ್ನೊಂದರ ಮೇಲೆ. ಗಂಡಸರನ್ನು ಶಾಲೆಯ ಕಾಂಪೌಂಡಿನೊಳಗೆ ಬಿಡಬಾರದು. ತಾಂಡಾದವರಿಗೆ ನಾನೇ ಹೋಗಿ ಹೇಳುತ್ತೇನೆ, ಗರ್ಭಕೋಶ ಮುಟ್ಟುವುದಿಲ್ಲ ಅಂತ ನಿಮ್ಮ ಸಹಿ ಇರುವ ಕಾಗದ ನನ್ನ ಕೈಯಲ್ಲಿ ಇರಬೇಕು.

ಡಾಕ್ಟರ್: ಈಗಲೇ ಬರೆದುಕೊಡುತ್ತೇನೆ.

(ಡಾಕ್ಟರು ಕಾಗದ ತೆಗೆದು, ಡಿಸೆಂಬರ್ ಅಂತ ಇದ್ದಲ್ಲಿ ಗೆರೆ ಎಳೆದು ಫೆಬ್ರವರಿ ಅಂತ ಬರೆದರು. 70 ಅಂತ ಇದ್ದ ಕಡೆ ಏನು ಬರೆಯಬೇಕೆಂದು ತಿಳಿಯದೆ ಪೆನ್ನು ಹಿಡಿದು ಕೂತರು. ಟೀಚರು ಮೊರದ ಮೂಲೆಗೆ ಸರಿದಿದ್ದ ಕಾಳುಗಳನ್ನು ಬೆರಳಿಂದ ಒಂದೊಂದೇ ಎಣಿಸುತ್ತಿದ್ದರು.)

ಟೀಚರ್: ಇಪ್ಪತ್ತೇಳು, ಆಮೇಲೆ ಹತ್ತೊಂಬತ್ತು. ನಲವತ್ತಾರು. ಪರೀಕ್ಷೆಯಲ್ಲಿ ಸಿಕ್ಕಿದ್ದರು, ಮರಳಿ ಬರಲಿಲ್ಲ. ಇವರ ಜೊತೆಗಲ್ಲವೇ ನನ್ನ ತಂಗಿ?

ಡಾಕ್ಟರ್: ಇವರ ಜೊತೆಗೇ.

ಟೀಚರ್: ಆ ಜಾಗ ಖಾಲಿ ಬಿಡಿ. ಮೂವತ್ತೈದು ವರ್ಷ ಈ ಊರಿನಲ್ಲಿ ಹಾಜರಿ ತೆಗೆದಿದ್ದೇನೆ, ಯಾವ ಮನೆಯ ಮಗು ಯಾಕೆ ಬರುವುದಿಲ್ಲ ಅಂತ ಬಾಗಿಲಿಗೆ ಹೋಗಿ ಕೇಳಿದ್ದೇನೆ. ಈಗ ಅವರೇ ತಾಯಂದಿರಾಗಿದ್ದಾರೆ. ಮೂವತ್ತು ದಾಟಿದವರ ಹೆಸರು ನಾಳೆಯಿಂದ ಬರೆಯುತ್ತೇನೆ. ಬರುತ್ತೇನೆ ಅಂದವರು, ಬರುವುದಿಲ್ಲ ಅಂದವರು, ಯಾಕೆ ಅಂದರೆ ಏನಂದರು, ಎಲ್ಲ ಬರೆಯುತ್ತೇನೆ. ಫೆಬ್ರವರಿಗೆ ಬಂದಾಗ ಪುಸ್ತಕ ಕೊಡುತ್ತೇನೆ. ಆಮೇಲೆ ನೀವು ಅಂಕಿ ಹಾಕಿ.